ಸರ್ಕಾರದ ಚೀಟಿ, ದ್ವೀಪದ ರಮ್ಮಿ

"ರೀ, ನನ್ನ ಫೋನ್ ಚಾರ್ಜಿಗೆ ಹಚ್ರಿ."

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಹೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ. ನಾನು ಹಚ್ಚಿದೆ. ಫೋನ್ ಪೂರ್ತಿ ತುಂಬುವ ಹೊತ್ತಿಗೆ ಆಕೆ ಇರಲಿಲ್ಲ.

ಎಲ್ಲರಿಗೂ ಸುದ್ದಿ ತಿಳಿಸಿದವನು ಆಕೆಯ ತಮ್ಮ. ಡಾಲಸ್ ಹತ್ತಿರ ಪ್ರಾಸ್ಪರಿನಲ್ಲಿರುತ್ತಾನೆ. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಏಳು ತಿಂಗಳಾದರೂ ಹೊರಡಲಿಲ್ಲ. ಹೇಳಬೇಕು ಅಂತ ಬಾಯಿ ತೆರೆಯುತ್ತಿದ್ದೆ. ಬೇರೆ ಏನೋ ಬರುತ್ತಿತ್ತು.

ನಾನು ಹೂಸ್ಟನ್ ಪಕ್ಕದ ಪೇರ್ಲ್ಯಾಂಡ್ ಕಡೆ ಒಂದು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತೇನೆ. ಸರ್ಕಾರದ ಲಾಟರಿ ಮಾರುತ್ತೇನೆ. ಇಂಥ ಕೌಂಟರಿನಲ್ಲಿ ನಗುವಂಥದ್ದು ದಿನಾ ಒಂದು ನಡೆಯುತ್ತದೆ. ಮನೆಯಲ್ಲಿ ಸಾವಾಗಿದೆ ಅಂತ ಅದು ರಜೆ ತಗೊಳ್ಳುವುದಿಲ್ಲ.

ಒಂದು ಮನೆ, ಎರಡು ಪಾರ್ಟಿ

ಮೊದಲು ಡಾಲಸ್‌ನಲ್ಲಿ ಕೌಂಟರಿಗೆ ನಿಂತೆ. ಆಗಿಂದ ನಾನು ಸರ್ಕಾರದ ಪಾರ್ಟಿ. ಹೆಂಡತಿ ಫೋನಿನಲ್ಲಿ ರಮ್ಮಿ ಆಡುತ್ತಿದ್ದಳು. ದಿನಕ್ಕೆ ಎರಡು ಡಾಲರ್, ಅದರ ಮೇಲೆ ಇಲ್ಲ. ಆ ಕಂಪನಿ ಯಾವುದೋ ದ್ವೀಪದಲ್ಲಿದೆಯಂತೆ. ಯಾವ ದ್ವೀಪ ಅಂತ ಆಕೆಗೂ ಗೊತ್ತಿಲ್ಲ. ಆಕೆ ದ್ವೀಪದ ಪಾರ್ಟಿ.

ಟೆಕ್ಸಸ್ಸಿನಲ್ಲಿ ಲಾಟರಿ ಬೇಕಾದರೆ ಅಂಗಡಿಗೆ ಬರಬೇಕು. ನಡುವೆ ಕೆಲವರು ಫೋನಿನಲ್ಲಿ ತರಿಸಿಕೊಳ್ಳುತ್ತಿದ್ದರು. ಸರ್ಕಾರ ಅದನ್ನು ನಿಲ್ಲಿಸಿತು.

"ನಿಮ್ಮ ಸರ್ಕಾರಕ್ಕ ಒಂದು ಫೋನ್ ಇಲ್ಲೇನ್ರೀ?" ಅಂತ ಆಕೆ ಕೇಳುತ್ತಿದ್ದಳು.

"ಸರ್ಕಾರ ಎದುರಿಗೆ ಬಂದವರಿಗೆ ಮಾರತೈತಿ. ಮೋಸ ಇರಂಗಿಲ್ಲ. ಹದಿನೆಂಟು ಆಗೇತೋ ಇಲ್ಲೋ, ಮುಖ ನೋಡಿ ಕೇಳ್ತೀವಿ."

"ನಮ್ಮ ದ್ವೀಪದವರೂ ಕೇಳ್ತಾರ. ಹದಿನೆಂಟು ಆಗೇತೇನು ಅಂತ. ಹೌದು ಅಂತ ಒತ್ತಿದೆ. ಬಿಟ್ರು."

"ಸುಳ್ಳು ಹೇಳಿದ್ರ?"

"ನನಗ ಅರವತ್ತು. ಸುಳ್ಳು ಯಾಕ ಹೇಳ್ಲಿ? ನಂಬಿದ್ರು, ಅಷ್ಟ. ನೀವು ಮದುವಿ ಆಗಿ ಮೂವತ್ತೆಂಟು ವರ್ಷ ಆತು. ಇನ್ನೂ ಪಲ್ಯಾದಾಗ ಉಪ್ಪು ಹಾಕೇನೋ ಇಲ್ಲೋ ಅಂತ ಕೇಳ್ತೀರಿ."

ಮೈಸೂರಿನಿಂದ ಟಿಕೇಟು

ಡಾಲಸ್ ಬಿಟ್ಟ ಮೇಲೆ ಆಸ್ಟಿನ್ನಿನಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಯೂನಿವರ್ಸಿಟಿಯಲ್ಲಿ ಓದುವ ಮೈಸೂರಿನ ಹುಡುಗಿ ಒಬ್ಬಳು ಬಂದಳು. ಕೈಯಲ್ಲಿ ಫೋನ್. ಫೋನಿನಲ್ಲಿ ಅವಳ ತಾಯಿ. ಕೌಂಟರಿನ ಗಾಜಿನೊಳಗೆ ಕೆರೆಯುವ ಲಾಟರಿ ಟಿಕೇಟುಗಳ ಸಾಲು ಇರುತ್ತದೆ. ಹುಡುಗಿ ಫೋನನ್ನು ಅದರ ಮುಂದೆ ಹಿಡಿದಳು.

"ಆ ಹಸಿರು ಬಣ್ಣದ್ದು ತಗೋ ಪುಟ್ಟೀ. ಅದಲ್ಲ, ಪಕ್ಕದ್ದು. ನನ್ನ ಹೆಸರಲ್ಲಿ ತಗೋ."

ನಾನು ಕನ್ನಡದಲ್ಲೇ ಹೇಳಿದೆ. "ಅವ್ವಾರ, ಫೋನಿನಾಗ ಮಾರೂ ಹಂಗಿಲ್ರಿ. ಯಾರ ಹೆಸರಿಗೆ ಬೇಕೋ ಅವರ ಬರಬೇಕು."

ತಾಯಿ ಗಾಬರಿಯಾದರು. "ಅಯ್ಯೋ, ನೀವು ಕನ್ನಡದವರಾ? ಯಾವೂರು?"

"ಗದಗ್ರಿ."

ಮುಗಿಯಿತು. ಟಿಕೇಟು ಮರೆತರು. ಗದಗಿನಲ್ಲಿ ಅವರ ಸೋದರತ್ತೆಯ ನಾದಿನಿ ಇದ್ದಾರಂತೆ. ಮಗಳು ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಅಂತ ನನ್ನನ್ನು ಕೇಳಿದರು. ನಾನು ಅವಳನ್ನು ನೋಡಿದ್ದೇ ಅವತ್ತು. ಹಿಂದೆ ಆರು ಮಂದಿ ಸಾಲು ನಿಂತರು. ಹುಡುಗಿ "ಮಾಮ್, ಪ್ಲೀಸ್" ಅಂತ ಒಂದೇ ಸಮ ಅನ್ನುತ್ತಿದ್ದಳು.

ಕಡೆಗೆ ತಾಯಿ ಹೇಳಿದರು. "ಸರಿ ಬಿಡಿ, ಟಿಕೇಟು ಬೇಡ. ನಿಮ್ಮ ಕಡೆ ಒಳ್ಳೆ ಹುಡುಗ ಇದ್ರೆ ನೋಡಿ. ಮದುವೆ ಮಾತುಕತೆ ಫೋನಲ್ಲಿ ಆಡಬಹುದು ತಾನೆ? ಅದಕ್ಕೇನೂ ಸರ್ಕಾರದ ಅಡ್ಡಿ ಇಲ್ವಲ್ಲ?"

ಗಡಿ ದಾಟಿದ್ದು

ನನ್ನ ಭಾಮೈದನಿಗೆ ಕ್ರಿಕೆಟ್ ಹುಚ್ಚು. ಟೆಕ್ಸಸ್ಸಿನಲ್ಲಿ ಆಟದ ಮೇಲೆ ಫೋನಿನಲ್ಲಿ ಬಾಜಿ ಕಟ್ಟುವಂತಿಲ್ಲ. ಪಕ್ಕದ ಲೂಸಿಯಾನಾದಲ್ಲಿ ಕಟ್ಟಬಹುದು. ಅಲ್ಲಿ ಸರ್ಕಾರದ ಲೈಸೆನ್ಸ್ ಇರುವ ಆ್ಯಪ್ ಇದೆ. ನೀವು ಗಡಿಯೊಳಗೆ ನಿಂತಿರಬೇಕು, ಅಷ್ಟೆ. ಎಲ್ಲಿ ನಿಂತಿದ್ದೀರಿ ಅಂತ ಫೋನ್ ಹೇಳಿಬಿಡುತ್ತದೆ.

ಒಂದು ಶನಿವಾರ ಇಂಡಿಯಾ ಮ್ಯಾಚ್. ಅವನು ಹಿಂದಿನ ದಿನವೇ ಪ್ರಾಸ್ಪರಿನಿಂದ ಇಳಿದುಬಂದ. "ಮಾಮಾ, ನಾ ಕಾನೂನು ಮೀರಾವ ಅಲ್ಲ. ಕಾಯ್ದೆ ಪ್ರಕಾರ ಹತ್ತು ಡಾಲರ್ ಕಟ್ಟಾವ." ನಸುಕಿನಲ್ಲಿ ಹೊರಟೆವು. ಎರಡು ತಾಸು ಡ್ರೈವ್. ಹೆಂಡತಿ ಹಿಂದಿನ ಸೀಟಿನಲ್ಲಿ ಚುರುಮರಿ ಡಬ್ಬಿ ಹಿಡಿದು ಕೂತಿದ್ದಳು.

ಗಡಿಗೆ ಒಂದು ಹೊಳೆ. ಹೊಳೆಯ ಈಚೆ ನಿಲ್ಲಿಸಿ ಒತ್ತಿದ. ನೀವು ಹೊರಗಿದ್ದೀರಿ ಅಂದಿತು ಫೋನ್. ಸೇತುವೆ ದಾಟಿ ಮೊದಲ ರೆಸ್ಟ್ ಏರಿಯಾದಲ್ಲಿ ಒತ್ತಿದ. ಹತ್ತಿತು. ಇಂಡಿಯಾ ಮೇಲೆ ಹತ್ತು ಡಾಲರ್. ಚಹಾ ಕುಡಿದು ವಾಪಸ್ ಹೊರಟೆವು. ಸೇತುವೆ ದಾಟಿದ್ದೇ ತಡ, ಇಂಡಿಯಾದ ಮೂರು ವಿಕೆಟ್ ಹೋದವು.

"ಮಾಮಾ, ತಿರುಗಿಸ್ರಿ."

ತಿರುಗಿಸಿದೆ. ಆ ಕಡೆ ಹೋಗಿ ಎದುರಿನವರ ಮೇಲೆ ಹತ್ತು ಕಟ್ಟಿದ. ಮತ್ತೆ ಈ ಕಡೆ ಬಂದೆವು. ಇಂಡಿಯಾದವರು ಸಿಕ್ಸರ್ ಹೊಡೆಯತೊಡಗಿದರು.

"ಮಾಮಾ."

ಮತ್ತೆ ತಿರುಗಿಸಿದೆ. ಹೀಗೆ ಆ ಹೊಳೆ ಆರು ಸಲ ದಾಟಿದೆವು. ರೆಸ್ಟ್ ಏರಿಯಾದಲ್ಲಿ ಕಸ ಗುಡಿಸುವ ಹೆಂಗಸು ನಮಗೆ ಕೈ ಬೀಸತೊಡಗಿದಳು. ಅಷ್ಟರಲ್ಲಿ ಮ್ಯಾಚ್ ನಡೆಯುವ ಊರಿನಲ್ಲಿ ಮಳೆ ಬಂತು. ಮ್ಯಾಚ್ ರದ್ದಾಯಿತು. ಎಲ್ಲ ದುಡ್ಡೂ ವಾಪಸ್ ಬಂತು.

ಅವನು ತಲೆ ಮೇಲೆ ಕೈ ಹೊತ್ತು ಕೂತ. ಹಿಂದಿನಿಂದ ಹೆಂಡತಿ ಹೇಳಿದಳು. "ತಮ್ಮಾ, ನಾ ಮನಿ ಬಿಟ್ಟಾಗಿಂದ ಹತ್ತು ಆಟ ಆಡೇನಿ. ಆರು ಸಲ ಗಡಿ ದಾಟೇನಿ. ನಮ್ಮ ದ್ವೀಪದವರು ಎಲ್ಲೆ ಅದೀರಿ ಅಂತ ಒಮ್ಮೆನೂ ಕೇಳಲಿಲ್ಲ. ನಿಮ್ಮ ಸರ್ಕಾರ ಕೇಳೂದ್ರಾಗ ನಮ್ಮ ಅತ್ತೀನ್ನೂ ಮೀರಿಸ್ತು."

ಜೂನ್ ಒಂದು

ದ್ವೀಪದವರೂ ಕಾಯ್ದೆಗೆ ಇಳಿದದ್ದು ಒಂದೇ ಸಲ.

ಹೆಂಡತಿಯ ಜೊತೆ ರಮ್ಮಿ ಆಡುವವರು ಇನ್ನೂ ಆರು ಜನ ಇದ್ದರು. ಇರುವುದು ಹೂಸ್ಟನ್ನಿನಲ್ಲಿ, ಹುಟ್ಟಿದ್ದು ನಮ್ಮ ಕಡೆ. ಗದಗ, ಕೊಪ್ಪಳ, ಬಾಗಲಕೋಟೆ. ಆ ಕಂಪನಿ ಆಡುವವರ ಹುಟ್ಟಿದ ದಿನಕ್ಕೆ ಐದು ಡಾಲರ್ ಬೋನಸ್ ಕೊಡುತ್ತಿತ್ತು. ಜೂನ್ ಒಂದನೇ ತಾರೀಖು ಏಳೂ ಜನ ಬೋನಸ್ ಕೇಳಿದರು. ಏಳೂ ಅಕೌಂಟು ಬಂದ್ ಆದವು.

ಕಂಪನಿಯ ಸಾಹೇಬ ಫೋನ್ ಮಾಡಿದ. ಹೆಂಗಸರೆಲ್ಲ ನಮ್ಮ ಮನೆಯ ಹಾಲಿನಲ್ಲಿ ಕೂತಿದ್ದರು. ಫೋನ್ ಸ್ಪೀಕರಿಗೆ ಹಾಕಿದ್ದರು. ಅವರಲ್ಲಿ ಒಬ್ಬಾಕೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆಕೆ ಮಾತಾಡಿದಳು.

ಸಾಹೇಬ ಅಂದ, "ಏಳು ಅಕೌಂಟು, ಒಂದೇ ಊರು, ಒಂದೇ ಹುಟ್ಟಿದ ತಾರೀಖು. ನೀವು ಏಳು ಜನ ಅಲ್ಲ. ಒಬ್ಬರೇ."

ಹಾಲಿನಲ್ಲಿ ಏಳೂ ಜನ ಒಮ್ಮೆಲೇ ಬೈದರು. ಒಬ್ಬರಲ್ಲ ಅಂತ ಅವನಿಗೆ ಅಲ್ಲೇ ತಿಳಿಯಬೇಕಿತ್ತು.

ಆಕೆ ಬಿಡಿಸಿ ಹೇಳಿದಳು. ನಮ್ಮ ಕಾಲದಲ್ಲಿ ಹುಟ್ಟಿದ ದಿನ ಯಾರೂ ಬರೆದಿಡುತ್ತಿರಲಿಲ್ಲ. ಸಾಲಿಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರು ತಾವೇ ಜೂನ್ ಒಂದು ಅಂತ ಬರೆಯುತ್ತಿದ್ದರು. ಹಾಲಿನ ಮೂಲೆಯಲ್ಲಿ ಕೂತಿದ್ದ ನನ್ನದೂ ಅದೇ. ನನ್ನ ಲೈಸೆನ್ಸಿನ ಮೇಲೂ ಅದೇ.

ಸಾಹೇಬ ಬರೆದುಕೊಳ್ಳುವ ಸದ್ದು ಬಂತು. ಆಮೇಲೆ ಕೇಳಿದ. "ಈ ಹೆಡ್‌ಮಾಸ್ತರು ಯಾರು?"

"ಒಬ್ಬರಲ್ಲ. ಊರಿಗೊಬ್ಬರು."

"ಎಲ್ಲ ಊರಲ್ಲೂ ಒಂದೇ ತಾರೀಖು ಬರೆದರಾ?"

"ಹೌದು."

"ಮೇಡಂ, ನಾವು ತಿಳಿದದ್ದಕ್ಕಿಂತ ಜಾಲ ಬಹಳ ದೊಡ್ಡದಿದೆ. ಈ ಹೆಡ್‌ಮಾಸ್ತರುಗಳೆಲ್ಲ ಈಗ ಯಾವ ಕಂಪನಿಯಲ್ಲಿದ್ದಾರೆ?"

ಜಳಕ

ಆ ಜಗಳ ಆದ ಮೇಲೆ ಅಕೌಂಟು ತೆರೆದರು. ಕನ್ನಡ ಬರುವ ಒಬ್ಬ ಹುಡುಗಿಯನ್ನೂ ಈ ಏಳು ಜನರಿಗೆ ಅಂತಲೇ ಇಟ್ಟರು. ಆಟ ಬಿಟ್ಟವರನ್ನು ಕರೆದು ತರುವುದು ಅವಳ ಕೆಲಸ. ಬೆಂಗಳೂರು ಕಡೆ ಮಾತು. ಎಲ್ಲಿಂದ ಮಾತಾಡುತ್ತೀ ಅಂತ ಕೇಳಿದರೆ "ದ್ವೀಪದಿಂದ ಅಂಕಲ್" ಅನ್ನುತ್ತಿದ್ದಳು. ದ್ವೀಪದಲ್ಲಿ ಕುಕ್ಕರ್ ಕೂಗುತ್ತಿತ್ತು. ಯಾರೋ "ಹಾಲು ಬಂತಾ ನೋಡೇ" ಅನ್ನುತ್ತಿದ್ದರು.

ಹೆಂಡತಿ ಹೋಗಿ ಎರಡು ವಾರಕ್ಕೆ ಆಕೆಯ ಫೋನ್ ರಿಂಗ್ ಆಯಿತು. ಸಂಜೆ ಎಂಟು ಗಂಟೆ.

"ಅಂಕಲ್, ಆಂಟಿ ಇದ್ದಾರಾ? ಹದಿನಾಲ್ಕು ದಿನ ಆಯ್ತು, ಆಟಕ್ಕೆ ಬಂದಿಲ್ಲ."

ಹೇಳಬೇಕು ಅಂತ ಬಾಯಿ ತೆರೆದೆ. "ಜಳಕ ಮಾಡಾಕತ್ತಾಳವ್ವಾ" ಅಂತ ಬಂತು.

ಮುಂದಿನ ವಾರ ಗುಡಿಗೆ ಹೋಗ್ಯಾಳ ಅಂದೆ. ಅದರ ಮುಂದಿನ ವಾರ ದ ವುಡ್‌ಲ್ಯಾಂಡ್ಸಿನಲ್ಲಿ ಗೆಳತಿಯ ಮನೆಗೆ ಕಳಿಸಿದೆ. ತವರಿಗೆ ಒಂದು ತಿಂಗಳು ಕಳಿಸಿದೆ. ಬಂದ ಮೇಲೆ ಮೌನವ್ರತ ಹಿಡಿಸಿದೆ. ಏನೂ ಹೊಳೆಯದ ವಾರ ಮತ್ತೆ ಜಳಕಕ್ಕೆ ಕಳಿಸಿದೆ. ಬದುಕಿದ್ದಾಗ ಆಕೆ ಇಷ್ಟು ತಿರುಗಾಡಿರಲಿಲ್ಲ. ಇಷ್ಟು ಸುಮ್ಮನೆಯೂ ಕೂತಿರಲಿಲ್ಲ.

ಹುಡುಗಿ ಎಲ್ಲ ಬರೆದಿಟ್ಟುಕೊಳ್ಳುತ್ತಿದ್ದಳು. ಆರು ತಿಂಗಳಾದ ಮೇಲೆ ಒಂದು ಸಂಜೆ ದನಿ ತಗ್ಗಿಸಿ ಕೇಳಿದಳು.

"ಅಂಕಲ್, ಒಂದು ಮಾತು ಕೇಳ್ಲಾ? ಬೇಜಾರಾಗ್ಬೇಡಿ. ಆಂಟಿ ನೀರು ಬಿಟ್ಟು ಬರ್ತಾನೇ ಇಲ್ಲ. ಇದು ಹನ್ನೊಂದನೇ ಸ್ನಾನ. ಚರ್ಮದ ಡಾಕ್ಟರಿಗೆ ತೋರಿಸಿದ್ರಾ?"

ಬೇರೆ ಕಂಪನಿ

ಏಳನೇ ತಿಂಗಳು ಮತ್ತೆ ರಿಂಗ್ ಆಯಿತು.

"ಅಂಕಲ್, ಆಂಟಿ ಇದ್ದಾರಾ?"

ಅವತ್ತು ನನ್ನ ಹತ್ತಿರ ಸುಳ್ಳು ಉಳಿದಿರಲಿಲ್ಲ. ಎಲ್ಲ ಊರಿಗೂ ಕಳಿಸಿ ಆಗಿತ್ತು. ಎಲ್ಲ ವ್ರತ ಹಿಡಿಸಿ ಆಗಿತ್ತು.

"ಇಲ್ಲವ್ವಾ. ತೀರಿಕೊಂಡಳು."

"ಯಾವಾಗ ಅಂಕಲ್?"

"ಏಳು ತಿಂಗಳಾತು."

"ಹೋದ ವಾರ ಸ್ನಾನ ಮಾಡ್ತಿದ್ದಾರೆ ಅಂದ್ರಿ."

"ಅಂದೆ."

ಅವಳು ಅತ್ತಳು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅಳಬ್ಯಾಡವ್ವಾ, ಆಗಿದ್ದು ಆಗಿ ಹೋತು, ನೀರು ಕುಡಿ ಅಂದೆ. ನನಗೆ ಮಂದಿ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ನನಗೆ ಅದರಿಂದ ಏನೂ ಆಗಿರಲಿಲ್ಲ. ಅವಳಿಗೆ ಸಮಾಧಾನವಾಯಿತು.

ಮೂಗು ಒರೆಸಿಕೊಂಡು ಹೇಳಿದಳು. "ಅಂಕಲ್, ಅಕೌಂಟು ಮುಚ್ಚಬೇಕು. ಕಂಪ್ಯೂಟರ್ ಕಾರಣ ಕೇಳುತ್ತೆ. ನಾಲ್ಕೇ ಇವೆ. ನಿಮ್ಮದು ಇದರಲ್ಲಿ ಇಲ್ಲ."

"ಓದವ್ವಾ."

"ಒಂದು, ಆಟ ಬೇಸರ ಬಂದಿದೆ."

"ಬಂದಿರಲಿಲ್ಲ."

"ಎರಡು, ಗೆಲ್ಲುತ್ತಿಲ್ಲ."

"ಗೆಲ್ತಿದ್ದಳು."

"ಮೂರು, ಮನೆಯವರು ಬೇಡ ಅಂದರು."

"ನಾ ಎಂದೂ ಅಂದಿಲ್ಲ."

"ನಾಲ್ಕು, ಬೇರೆ ಕಂಪನಿಗೆ ಹೋಗಿದ್ದಾರೆ."

"ಅದನ್ನ ಹಾಕು."

ಒತ್ತಿದ ಸದ್ದು ಕೇಳಿಸಿತು. "ಅಂಕಲ್, ಇನ್ನೊಂದು ಪ್ರಶ್ನೆ ಬಂತು. ಆ ಕಂಪನಿ ಖಾಸಗಿಯದಾ, ಸರ್ಕಾರದ್ದಾ?"

"ಸರ್ಕಾರದ್ದ ಇರಬೇಕವ್ವಾ. ಸ್ವತಃ ಹೋಗಬೇಕು. ಬ್ಯಾರೇದವರನ್ನ ಕಳಿಸಾಕ ಬರಂಗಿಲ್ಲ."

ಅವಳು ಅದನ್ನೂ ಒತ್ತಿದಳು. ಆಮೇಲೆ ಏನೋ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು.

"ಏನಾತವ್ವಾ?"

"ಅಂಕಲ್, ತಪ್ಪು ತಿಳ್ಕೋಬೇಡಿ. ಸ್ಕ್ರೀನ್ ಮೇಲೆ ಬಂದಿದ್ದನ್ನ ನಾನು ಓದ್ಲೇಬೇಕು. ಕಾಲ್ ರೆಕಾರ್ಡ್ ಆಗ್ತಿದೆ."

"ಓದು."

ಅವಳು ಓದಿದಳು. "ಅವರು ಹೋದ ಕಡೆ ಏನು ಸಿಗುತ್ತೋ ಅದಕ್ಕಿಂತ ಹೆಚ್ಚು ನಾವು ಕೊಡ್ತೀವಿ. ಈ ವಾರ ವಾಪಸ್ ಬಂದ್ರೆ ನೂರು ಡಾಲರ್ ಬೋನಸ್."

ನನಗೆ ನಗು ಬಂತು. ಹೊಟ್ಟೆಯೊಳಗಿಂದ ಬಂತು. ತಡೆಯಲು ಆಗಲಿಲ್ಲ. ಅವಳೂ ಅಳುತ್ತಲೇ ನಕ್ಕಳು.

"ನೂರಕ್ಕ ಆಕಿ ಬರಂಗಿಲ್ಲವ್ವಾ" ಅಂದೆ. "ನಿಮ್ಮ ಸಾಹೇಬರನ್ನ ಒಂದು ಮಾತು ಕೇಳು. ಇನ್ನೂ ಸ್ವಲ್ಪ ಏರಿಸ್ತಾರೇನು ಅಂತ."

ಮರುದಿನ ಬೆಳಿಗ್ಗೆ ಆರಕ್ಕೆ ಅಂಗಡಿ ತೆಗೆದೆ. ಮೊದಲ ಗಿರಾಕಿ ಟ್ರಕ್ಕಿನವನು. ಗುರುತಿಲ್ಲ. ಕಾಫಿ ಹಿಡಿದುಕೊಂಡು ಬಂದ. ಹೇಗಿದ್ದೀರಿ ಅಂತ ಕೇಳಿದ. ಇಲ್ಲಿ ಎಲ್ಲರೂ ಕೇಳುತ್ತಾರೆ, ಯಾರೂ ಉತ್ತರಕ್ಕೆ ನಿಲ್ಲುವುದಿಲ್ಲ. ನನ್ನ ಹೆಂಡತಿ ತೀರಿಕೊಂಡಳು ಅಂತ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಕಾಫಿ ಕೆಳಗಿಟ್ಟ. ಟೋಪಿ ತೆಗೆದ. ಅವರ ಹೆಸರೇನು ಅಂತ ಕೇಳಿದ.

ಹೇಳಿದೆ. ಅವನು ತಪ್ಪಾಗಿ ಅಂದ. ಮತ್ತೆ ಹೇಳಿದೆ. ಅವನ ಹಿಂದೆ ಮೂರು ಮಂದಿ ಬಂದು ನಿಂತರು. ಅವನು ಸರಿಯಾಗಿ ಅನ್ನುವ ತನಕ ನಾನು ಬಿಡಲಿಲ್ಲ.