ಅಲುಗಾಡಬೇಡಿ, ಕಣ್ಣೊಳಗೆ ನೀರು ಹರಿಯುತ್ತಿದೆ

ಎಂಆರ್‌ಐ ಮೆಷಿನಿನ ಮುಂದೆ ಕೂತು ಸಂಬಳ ತೆಗೆದುಕೊಳ್ಳುವ ನನ್ನಂಥವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ.

ಫಳ್ನೀರಿನ ನಮ್ಮ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಮ್ಮ ಒಂದು ಅಧ್ಯಯನ ಹಿಡಿದಿದ್ದರು. ಕಣ್ಣಿಗೆ ವಿಶೇಷ ನೀರಿನ ಹನಿ ಹಾಕುವುದು, ಅದು ಒಳಗೆ ಹೇಗೆ ಹರಿಯುತ್ತದೆಂದು ಮೆಷಿನಿನಲ್ಲಿ ನೋಡುವುದು. ಮಲಗಿದವರು ತಲೆಯನ್ನಾಗಲಿ ಕಣ್ಣನ್ನಾಗಲಿ ಅಲುಗಿಸಬಾರದು. ಶನಿವಾರದೊಳಗೆ ಒಂದಾದರೂ ಸ್ಪಷ್ಟ ಚಿತ್ರ ಸಿಗದಿದ್ದರೆ ಅಧ್ಯಯನ ಬಂದ್, ಮೆಷಿನ್ ಮಂಡಿನೋವಿನವರಿಗೆ ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಡಾಕ್ಟರಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಮರ್ಯಾದಸ್ಥರು

ಮೊದಲು ಮಲಗಿದವರು ಪಕ್ಕದ ಬಟ್ಟೆ ಅಂಗಡಿಯ ಬ್ಯಾರಿ ಕಾಕಾ. ಒಂದಿಷ್ಟೂ ಅಲುಗಾಟವಿಲ್ಲ! ಸಂತೋಷ ತಡೆಯಲಾಗದೆ ನಾನು ಮೈಕಿನಲ್ಲಿ ಕೇಳಿದೆ, "ಕಾಕಾ, ಅಲುಗಾಡ್ತಾ ಇಲ್ಲ ಅಲ್ವಾ?"

ಅವರು 'ಇಲ್ಲ, ಇಲ್ಲ' ಎಂದು ತಲೆಯಾಡಿಸಿದರು.

ಚಿತ್ರ ಹಾಳು. ಹೊರಗೆ ಬಂದ ಕಾಕಾ ನನಗೇ ಬೈದರು, "ಎಂತ ಮಾರಾಯ, ಕೇಳಿದ್ದಕ್ಕೆ ಉತ್ತರ ಕೊಡದೆ ಇರ್ಲಿಕ್ಕೆ ಆಗ್ತದಾ?"

ಅಂದಿನಿಂದ ಡಾಕ್ಟರಮ್ಮ ಮೈಕನ್ನು ನನ್ನ ಕೈಗೆ ಸಿಗದ ಹಾಗೆ ಇಟ್ಟರು.

ರಾಕ್ಷಸ ವೇಷ

ಎರಡನೆಯವರು ಸುರತ್ಕಲ್ಲಿನ ಬ್ಯಾಂಕ್ ಉದ್ಯೋಗಿ. ತುಂಬ ಸೌಮ್ಯ ಸ್ವಭಾವ. ಆದರೆ ರಜೆಯಲ್ಲಿ ಯಕ್ಷಗಾನಕ್ಕೆ ರಾಕ್ಷಸ ವೇಷ ಕಟ್ಟುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ. ಮೆಷಿನ್ ಡಬಡಬ ಎಂದು ಬಡಿಯತೊಡಗಿದ್ದೇ ತಡ, ಅವರ ಎರಡೂ ಕಣ್ಣು ಗರಗರ ತಿರುಗಿದವು.

"ಎಂತ ಮಾಡುದು ಮೇಡಂ? ಚೆಂಡೆಯ ಪೆಟ್ಟು ಬಿದ್ರೆ ಕಣ್ಣು ನನ್ನ ಮಾತು ಕೇಳುದಿಲ್ಲ" ಎಂದು ಕೈಮುಗಿದರು.

"ನೀರು ಹರಿಯುದು ನೋಡುವ ಅಂತ ಕೂತ್ರೆ ಕಣ್ಣೇ ರಂಗಸ್ಥಳಕ್ಕೆ ಹೋಗಿದೆ" ಎಂದು ಡಾಕ್ಟರಮ್ಮ ತಲೆ ಹಿಡಿದುಕೊಂಡರು.

ಶನಿವಾರ

ಕೊನೆಯ ದಿನ ಡಾಕ್ಟರಮ್ಮ ತಾವೇ ಕಣ್ಣಿಗೆ ಹನಿ ಹಾಕಿಸಿಕೊಂಡು ಮಲಗಿದರು. "ಹೇಗೆ ಮಲಗ್ಬೇಕು ಅಂತ ನಾನು ತೋರಿಸ್ತೇನೆ. ನೀವು ಬಾಯಿ ಬಿಡ್ಬೇಡಿ."

ನಾನು ಉಸಿರನ್ನೂ ಮೆಲ್ಲ ಬಿಟ್ಟೆ. ಚಿತ್ರ ಕನ್ನಡಿಯ ಹಾಗೆ ಬರುತ್ತಿತ್ತು. ಇನ್ನೊಂದೇ ನಿಮಿಷ. ಅಷ್ಟರಲ್ಲಿ ಒಳಗಿನಿಂದ, "ಹೇಗೆ ಬರ್ತಾ ಉಂಟು? ನೋಡುವ!" ಎಂಬ ಕೂಗು. ನನ್ನ ಸ್ಕ್ರೀನ್ ನೋಡಲು ಅವರು ತಲೆಯೆತ್ತಿದರು. ಚಿತ್ರ ತೆಗೆಯಲು ಮುಖದ ಮೇಲೆ ಕೂರಿಸಿದ್ದ ಪಂಜರಕ್ಕೆ ಹಣೆ ಟಣ್ ಎಂದಿತು.

ಹಣೆ ಉಜ್ಜುತ್ತ ಹೊರಗೆ ಬಂದವರು ಸ್ಕ್ರೀನಿನಲ್ಲಿ ತಮ್ಮದೇ ಮೂರು ಕಣ್ಣು, ಎರಡು ಮೂಗು ನೋಡಿದರು. ಹೊರಗೆ ಮಂಡಿನೋವಿನವರು ಆಗಲೇ ಸಾಲು ನಿಂತಿದ್ದರು. ಡಾಕ್ಟರಮ್ಮ ಎಂದಿನ ಗಂಭೀರ ದನಿಯಲ್ಲಿ ತೀರ್ಪು ಕೊಟ್ಟರು:

"ಈ ಹೆಂಗಸನ್ನು ಇನ್ನು ಕರೀಬೇಡಿ. ಹೇಳಿದ ಮಾತು ಕೇಳುವ ಜಾತಿ ಅಲ್ಲ."