ಕರಡಿಯ ಕೂದಲು, ದೆವ್ವದ ರೊಟ್ಟಿ

ಆಟದ ತೋಟ ನಡೆಸಿ ನೋಡಿದವರಿಗೆ ಗೊತ್ತು, ಅಲ್ಲಿ ತಿರುಗುವ ತೊಟ್ಟಿಲಿಗಿಂತ ಜನರೇ ಹೆಚ್ಚು ಆಟ ಆಡಿಸುತ್ತಾರೆ. ನನ್ನನ್ನು ಅವರು ಆಡಿಸಿದ್ದನ್ನೆಲ್ಲ ಬರೆದರೆ ನಗುತ್ತೀರಿ. ನಗಿರಿ, ಆಗ ನನಗೆ ನಗು ಬಂದಿರಲಿಲ್ಲ.

"ನಿನ್ನ ಕೈಲೆ ಆಗೂದಿಲ್ಲ" ಎಂದು ಮೊದಲು ಹೇಳಿದವರು ನಮ್ಮ ಭಾವ, ನನ್ನ ತೀರಿಹೋದ ಗಂಡನ ಅಣ್ಣ. ವಿಜಾಪುರದಲ್ಲಿ ಜೋಳದ ವ್ಯಾಪಾರಿ. ನಾನು ಸಿದ್ಧೇಶ್ವರ ಗುಡಿಯ ಹತ್ತಿರ ಖಾನಾವಳಿ ಇಟ್ಟು, ರೊಟ್ಟಿ ಬಡಿದು, ಟಿಕೋಟಾ ರಸ್ತೆಗೆ ಒಂದು ತುಂಡು ಜಾಗ ಕೊಂಡಿದ್ದೆ. ಸಾಲಿ ಕಲಿತವಳಲ್ಲ. ಕಿರಾಣಿ ಸಾಮಾನು ಕಟ್ಟಿಕೊಡುತ್ತಿದ್ದ ಕಾಗದ ಓದಿ ಓದಿ ಅಕ್ಷರ ಹಿಡಿದವಳು. ಒಮ್ಮೆ ಬೆಲ್ಲ ಕಟ್ಟಿದ ಹಾಳೆಯಲ್ಲಿ, ಪರದೇಶದ ಆಟದ ತೋಟವನ್ನು ಇನ್ನೊಂದು ದೇಶದಲ್ಲಿ ತೆರೆದ ಸುದ್ದಿ ಇತ್ತು. ದೊಡ್ಡ ಚಕ್ರದ ತೊಟ್ಟಿಲು, ದೆವ್ವದ ಮನೆ, ಮಕ್ಕಳ ಕೈ ಕುಲುಕುವ ಪ್ರಾಣಿ ವೇಷ. ಓದುತ್ತಾ ಹೋದೆ. "ಅಲ್ಲಿ ಎದುರಾದ ತೊಂದರೆಗಳು" ಎಂಬ ಸಾಲಿನ ಕೆಳಗೆ ಹಾಳೆ ಹರಿದಿತ್ತು.

ತೊಂದರೆಯ ಭಾಗ ಹರಿದುಹೋಗಿದ್ದರಿಂದಲೇ ನನಗೆ ಧೈರ್ಯ ಬಂತು.

"ಆಟ ಆಡಸೂದು ಒಂದು ಧಂದೇನವಾ?" ಎಂದರು ಭಾವ. "ನಮ್ಮ ಮಂದಿ ಕೂಸು ಅತ್ತರ ಗಿಲಕಿ ಕೊಡ್ತಾರ, ಟಿಕೀಟ ತಗಸೂದಿಲ್ಲ. ನಿನಗ ರೊಟ್ಟಿ ಬಡಿಯೂದು ಗೊತ್ತೈತಿ, ಅದನ್ನ ಬಡಿ."

ನನಗೆ ಹಟ ಬಂತು. "ಯುಗಾದಿತನಕ ನೋಡ್ರಿ. ನಡೀಲಿಲ್ಲಂದ್ರ ಜಾಗಾ ನಿಮಗ. ನಿಮ್ಮ ಜೋಳದ ಗೋದಾಮ ಕಟ್ಟಿಕೋರಿ."

ಆ ಮಾತು ಆಡಬಾರದಿತ್ತು. ಅಂದಿನಿಂದ ಭಾವ ವಾರಕ್ಕೊಮ್ಮೆ ಬಂದು, ಕೊಡೆ ಊರುತ್ತಾ, ನನ್ನ ಜಾಗವನ್ನು ಹೆಜ್ಜೆಯಿಂದ ಅಳೆಯತೊಡಗಿದರು.

ಬುತ್ತಿ

ಹಡಗಿನಲ್ಲಿ ದುಡಿದು ಪರದೇಶ ಕಂಡುಬಂದಿದ್ದ ನಮ್ಮ ಊರಿನವನೊಬ್ಬನನ್ನು ಮ್ಯಾನೇಜರ್ ಮಾಡಿಕೊಂಡೆ. ಮುಂಬೈಯಿಂದ ಹಳೆಯ ತೊಟ್ಟಿಲು ತಂದು ನಿಲ್ಲಿಸಿದವನೂ ಅವನೇ. ಅವನ ಮೊದಲ ಕಾನೂನು: "ಹೊರಗಿನ ಊಟ ಒಳಗ ಬಿಡಬಾರದ್ರಿ ಅಕ್ಕಾರ. ಅಲ್ಲೆಲ್ಲಾ ಹಂಗ."

ಮೊದಲ ಭಾನುವಾರ ಹೊನವಾಡದ ಒಂದು ದೊಡ್ಡ ಕುಟುಂಬ ಬಸ್ಸಿನಿಂದ ಇಳಿಯಿತು. ಎಲ್ಲರ ಕೈಯಲ್ಲೂ ಬುತ್ತಿ ಗಂಟು. ಮ್ಯಾನೇಜರ್ ಬಾಗಿಲಲ್ಲಿ ತಡೆದ.

"ಊಟ ಒಳಗ ಒಯ್ಯಂಗಿಲ್ಲ."

"ಹೌದೇನಪ್ಪಾ? ಹಂಗಾರ ಇಲ್ಲೇ ಉಣ್ಣೂಣು" ಎಂದ ಹಿರಿಯ, ಒಂದಿಷ್ಟೂ ಬೇಸರವಿಲ್ಲದೆ.

ಬಾಗಿಲಿಗೆ ಅಡ್ಡವಾಗಿ ಕಂಬಳಿ ಹಾಸಿದರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಹೊರಬಂತು. ಹಿಂದೆ ಬಂದವರು ದಾಟುವಂತಿರಲಿಲ್ಲ, ಅವರೂ ಬುತ್ತಿ ಬಿಚ್ಚಿದರು. ಉಂಡು, ಅಲ್ಲೇ ಒಂದು ನಿದ್ದೆ ತೆಗೆದು, ಎಲ್ಲರೂ ಸಂಜೆಯ ಬಸ್ಸಿಗೆ ಹೋಗಿಬಿಟ್ಟರು. ಟಿಕೆಟ್ಟು ಒಂದೂ ಹರಿಯಲಿಲ್ಲ.

ಸಿಟ್ಟಿನಿಂದ ಮ್ಯಾನೇಜರನನ್ನು ಬೈಯಲು ಹೋದರೆ, ಅವನೂ ಕಂಬಳಿಯ ಮೇಲೆ ಕೂತಿದ್ದ. "ಹಿಂಡಿ ಭಾಳ ಚಲೋ ಐತ್ರಿ ಅಕ್ಕಾರ" ಎಂದ.

ಮರುದಿನ ಬೇವಿನ ಗಿಡದ ಕೆಳಗೆ ನೀರಿನ ಹರವಿ ಇಟ್ಟು, "ಬುತ್ತಿ ತಂದವರು ಒಳಗೆ ಬನ್ನಿರಿ" ಎಂದು ಹಲಗೆ ಬರೆಸಿದೆ.

ಕರಡಿ

ಬಬಲೇಶ್ವರದ ಒಬ್ಬ ಬಯಲಾಟದ ಪಾತ್ರಧಾರಿಗೆ ಕರಡಿ ವೇಷ ಕೊಟ್ಟಿದ್ದೆವು. ಕರಿ ಬಣ್ಣ ಹಾಕಿದ ನಾರನ್ನು ಗೋಣಿಗೆ ಹೊಲಿದ ವೇಷ. "ಅಲ್ಲಿ ಮಕ್ಕಳು ಓಡಿ ಬಂದು ಕರಡೀನ ಅಪ್ಪಿಕೋತಾವ್ರಿ" ಎಂದಿದ್ದ ಮ್ಯಾನೇಜರ್.

ಇಲ್ಲಿ ಮಕ್ಕಳಿಗಿಂತ ಮೊದಲು ತಾಯಂದಿರು ಓಡಿ ಬಂದರು. ನಮ್ಮ ಕಡೆ ಕರಡಿ ಆಡಿಸುವವರು ಬಂದರೆ ಕೂಸನ್ನು ಅದರ ಬೆನ್ನ ಮೇಲೆ ಕೂಡಿಸುತ್ತಾರೆ, ಅಂಜಿಕೆ ಹೋಗಲಿ ಎಂದು. ಅದರ ಕೂದಲನ್ನು ತಾಯಿತದಲ್ಲಿ ಹಾಕಿ ಕಟ್ಟುತ್ತಾರೆ. ಇದನ್ನು ಹಡಗಿನವನು ಮರೆತಿದ್ದ, ನಾನೂ ಮರೆತಿದ್ದೆ.

ಸಂಜೆ ಕರಡಿ ನನ್ನ ಮುಂದೆ ಬಂದು ನಿಂತಿತು. ಬೆನ್ನು ಪೂರ್ತಿ ಬೋಳು, ಗೋಣಿಯ ಮೇಲಿನ ಸಕ್ಕರೆ ಕಾರ್ಖಾನೆಯ ಮುದ್ರೆ ಕಾಣುತ್ತಿತ್ತು.

"ಬಾಯಿ ಬಿಟ್ಟು ಹೇಳಬಾರದೇನೋ, ಇದು ನಾರು ಅಂತ?"

"ಹೇಳಿದ್ನಿರಿ ಅವ್ವಾರ! 'ಇದು ಮಾತಾಡೂ ಕರಡಿ, ಇದರ ಕೂದಲಕ್ಕ ಗುಣಾ ಹೆಚ್ಚು' ಅಂತ ಇನ್ನಷ್ಟು ಕಿತ್ತಗೊಂಡ್ರು!"

ಮೇಲಿನ ತೊಟ್ಟಿಲು

ಹಿಂದಿನ ಓಣಿಯ ಒಬ್ಬ ಅತ್ತರಿನ ವ್ಯಾಪಾರಿ, ಹಿರಿಯ ಮನುಷ್ಯ, ಬಂದು ನಿಂತರು. "ತಂಗೀ, ನಿನ್ನ ತೊಟ್ಟಿಲ ಮ್ಯಾಲ ಹೋದ ಗಂಡಸರಿಗೆ ನಮ್ಮ ಮನಿ ಅಂಗಳೆಲ್ಲಾ ಕಾಣತಾವು. ಹೆಣ್ಮಕ್ಕಳು ಹೊರಗ ಬರದಂಗ ಆಗೇತಿ."

ಅವರ ಮಾತು ಖರೆ ಇತ್ತು. ಓಣಿಯ ಕಡೆಯ ತೊಟ್ಟಿಲುಗಳಿಗೆ ತಗಡಿನ ಮರೆ ಕಟ್ಟಿಸಿದೆ. ಶುಕ್ರವಾರ ಮಾತ್ರ ತಗಡು ತೆಗೆದು, ಬರೀ ಹೆಂಗಸರಿಗೆ ಬಿಟ್ಟೆ. ಚಕ್ರ ತಿರುಗಿಸುವವರೂ ನಮ್ಮ ಖಾನಾವಳಿಯ ಹೆಂಗಸರೇ. ರೊಟ್ಟಿ ಬಡಿದ ರಟ್ಟೆಗಳು, ಗಂಡಸರಿಗಿಂತ ಜೋರು ತಿರುಗಿಸಿದವು.

ಮೊದಲ ಶುಕ್ರವಾರವೇ ತುದಿಗೆ ಹೋದ ಒಬ್ಬ ಸೊಸೆ ಚೀರಿದಳು. ಅಂಜಿದಳೆಂದು ಚಕ್ರ ನಿಲ್ಲಿಸಿದೆವು. ಅವಳು ಮೇಲಿಂದ ತನ್ನ ಮನೆಯ ಕಡೆ ಕೈ ಮಾಡಿ ಕೂಗುತ್ತಿದ್ದಳು: "ಅತ್ತೀ! ಆ ಉಂಡಿ ನಮ್ಮ ತವರಮನಿದು! ಡಬ್ಬಿ ಮುಚ್ಚರಿ!"

ಮುಂದಿನ ಶುಕ್ರವಾರ ಪಾಳಿಯಲ್ಲಿ ಮೊದಲು ನಿಂತವಳು ಆ ಅತ್ತೆ. "ಸೊಸಿ ಒಬ್ಬಾಕಿನ ಮನ್ಯಾಗ ಅದಾಳ. ಮ್ಯಾಲ ಹ್ವಾದ ಕೂಡ್ಲೆ ಸ್ವಲ್ಪ ನಿಂದರಸವಾ" ಎಂದಳು.

ದೆವ್ವ

ದೆವ್ವದ ಮನೆಯೆಂದರೆ ಕತ್ತಲೆ ಕೋಣೆ, ಕರಿ ಬಟ್ಟೆಯ ಮೇಲೆ ಎಲುಬು ಬರೆಸಿಕೊಂಡ ಅದೇ ಪಾತ್ರಧಾರಿ. ಪರದೇಶದಲ್ಲಿ ಜನ ಚೀರಿಕೊಂಡು ಓಡುತ್ತಾರಂತೆ. ಇಲ್ಲಿ ಮೊದಲು ಒಳಹೋದ ಹೊನವಾಡದ ಮುದುಕಿ, "ಯಪ್ಪಾ, ಯಾರ ಹೊಟ್ಟೀಲೆ ಹುಟ್ಟಿದ ಮಗನೋ, ಎಲುಬು ಎಣಸಂಗ ಆಗೀದಿ" ಎಂದು ಮರುಗಿ, ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟಳು. ಸುದ್ದಿ ಹಬ್ಬಿತು. ದೆವ್ವಕ್ಕೆ ಉಣಿಸಲೆಂದೇ ಟಿಕೋಟಾದಿಂದ, ಬಬಲೇಶ್ವರದಿಂದ ಜನ ಬರತೊಡಗಿದರು. ದೆವ್ವದ ಅಂಗಿಯ ಹೊಲಿಗೆ ಎರಡು ಸಲ ಬಿಚ್ಚಿತು.

ಯುಗಾದಿ ಹತ್ತಿರ ಬಂತು. ಭಾವ ಈ ಸಲ ಅಳತೆಯ ಹಗ್ಗವನ್ನೇ ತಂದರು. "ಮಂದಿ ಉಣ್ಣಾಕ ಬರತಾರ, ಆಟಕ್ಕಲ್ಲ. ಇದು ನಡದಂಗಲ್ಲವಾ" ಎಂದು ಹೇಳಿ, ಕತ್ತಲೆ ಕೋಣೆಯನ್ನು ಅಳೆಯಲು ಒಳಗೆ ಹೋದರು. ದೆವ್ವ ಆಗ ಚಹಾಕ್ಕೆ ಹೊರಗೆ ಹೋಗಿತ್ತು. ಅಷ್ಟರಲ್ಲಿ ಇಬ್ಬರು ಮುದುಕಿಯರು ಟಿಕೆಟ್ಟು ಹರಿಸಿ ಒಳಗೆ ಹೋದರು. ಭಾವ ಮೊದಲೇ ಬಡಕಲು ಆಳು, ಬಿಳಿ ಧೋತರ ಬೇರೆ.

ಒಳಗಿನ ಮಾತು ಹೊರಗೆ ಪಾಳಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಇವತ್ತ ಬ್ಯಾರೇ ದೆವ್ವ ಐತಿ ನೋಡ ಬೇ. ಇದು ಇನ್ನೂ ಸೊರಗೇತಿ."

"ಏ! ನಾ ದೆವ್ವ ಅಲ್ಲ! ಜೋಳದ ವ್ಯಾಪಾರಿ ಅದೀನಿ!"

"ಹೌದೋ ಯಪ್ಪಾ, ಎಲ್ಲಾ ದೆವ್ವನೂ ಮೊದಲ ಏನರೆ ಮಾಡಿಕೊಂಡಿದ್ದವೇ. ತೂಕದಾಗ ಹೊಡದಿರಬೇಕು, ಅದಕ್ಕ ಮುಕ್ತಿ ಸಿಕ್ಕಿಲ್ಲ. ತಗೋ, ಉಣ್ಣು."

ಆಮೇಲೆ ರೊಟ್ಟಿ ಮುರಿಯುವ ಸದ್ದು. ಬಹಳ ಹೊತ್ತಿನ ಮೇಲೆ ಭಾವ ಹೊರಬಂದರು. ಮೀಸೆಗೆ ಎಣ್ಣೆಗಾಯಿಯ ಮಸಾಲೆ. ಪಾಳಿಯ ಮಕ್ಕಳು "ದೆವ್ವ ಹೊರಗ ಬಂತು!" ಎಂದು ಕಿರುಚಿ ಓಡಿದವು. ತೋಟ ತೆರೆದ ದಿನದಿಂದ ಇಂಥ ಕಿರುಚಾಟಕ್ಕೇ ಕಾಯುತ್ತಿದ್ದ ಮ್ಯಾನೇಜರನ ಕಣ್ಣಲ್ಲಿ ನೀರು ಬಂತು.

ಭಾವ ಹಗ್ಗ ಸುತ್ತಿ ಬಗಲಲ್ಲಿಟ್ಟರು. ಉದ್ದನೆಯ ಪಾಳಿಯನ್ನು ನೋಡಿದರು. "ಗೋದಾಮಕ್ಕ ಬ್ಯಾರೆ ಕಡೆ ಜಾಗಾ ನೋಡ್ತೀನಿ" ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಆ ಮುದಿಕೇರು ಮತ್ತ ಯಾವಾಗ ಬರತಾರ?" ಎಂದು ಕೇಳಿದರು.

ಇವತ್ತು ಆ ಜಾಗ ನನ್ನದು. ತೊಟ್ಟಿಲು ನನ್ನದು, ಬೇವಿನ ಗಿಡ ನನ್ನದು, ಬೋಳು ಬೆನ್ನಿನ ಕರಡಿಯೂ ನನ್ನದು. ಇದಕ್ಕೆ ನನ್ನ ಚಿನ್ನದ ಪಾಟಲಿ ಬಳೆ ಹೋದವು, ಕೂಗಿ ಕೂಗಿ ದನಿ ಒಡೆಯಿತು. ಭಾನುವಾರ ಮಧ್ಯಾಹ್ನ ನನ್ನ ದೆವ್ವ ರಜೆ ಕೇಳುತ್ತದೆ. ಕೊಟ್ಟುಬಿಡುತ್ತೇನೆ, ಆ ಹೊತ್ತಿನ ದೆವ್ವದ ಪಾಳಿ ಭಾವನದು.