ಐದು ಅಳು, ಎರಡು ಕುಣಿತ

ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡವನಿಗೆ ನಗಲು ಬೇರೆ ಕಡೆ ಹೋಗುವ ಅಗತ್ಯವಿಲ್ಲ, ನಗು ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ನನ್ನ ಸ್ಟುಡಿಯೋ ಕಾಸರಗೋಡು ಪೇಟೆಯಲ್ಲಿ, ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿದೆ. ಭಜನೆಯವರು, ಮಾಪ್ಪಿಳ ಪಾಟಿನ ಹಾಡುಗಾರರು, ಇಗರ್ಜಿಯ ಕೊಯರಿನವರು, ಚುನಾವಣೆ ಬಂದರೆ ಎಲ್ಲ ಪಕ್ಷದವರು, ಎಲ್ಲರೂ ಒಂದೇ ಮೈಕಿನ ಮುಂದೆ ನಿಂತು ಹೋದವರೇ. ಕೆಳಗಿನಿಂದ ಪಫ್ಸ್ ಬೇಯುವ ಪರಿಮಳ ಬರುವಾಗ ಭಕ್ತಿಗೀತೆ ಹಾಡುವವರ ಬಾಯಲ್ಲೂ ನೀರೂರುತ್ತದೆ. ಇದೆಲ್ಲ ನನಗೆ ಮಾಮೂಲು. ಆದರೆ ಒಂದೇ ಆಲ್ಬಮ್ ನನ್ನನ್ನು ಇಷ್ಟು ಕಡೆ ಇಷ್ಟು ಬಗೆಯಲ್ಲಿ ಪೇಚಿಗೆ ಸಿಕ್ಕಿಸಿದ್ದು ಇದೊಂದೇ ಸಲ.

ನಾನು ಒಬ್ಬಳೇ ಅಲ್ವಾ?

ಹಾಡಲು ಬಂದವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಹುಡುಗಿ. ಅವಳ ತಂದೆ ಪೇಟೆಯ ಸೌಂಡ್ಸ್ ಅಂಗಡಿಯ ಯಜಮಾನರು. ಮದುವೆಗೆ, ಭೂತದ ನೇಮಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ ಮೈಕು, ಲೈಟು ಎಲ್ಲ ಅವರದ್ದೇ. ದೊಡ್ಡ ಕಾರ್ಯಕ್ರಮ ಇದ್ದರೆ ಮಿಕ್ಸರ್ ನೋಡಿಕೊಳ್ಳಲು ನನ್ನನ್ನೇ ಕರೆಯುತ್ತಾರೆ.

ಹಿಂದಿನ ವರ್ಷ ಈ ಹುಡುಗಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ದುಬೈಯಲ್ಲಿ ಕೆಲಸದಲ್ಲಿದ್ದ, ಒಳ್ಳೆಯ ಮನೆತನ, ಕುಡಿತ ಇಲ್ಲ, ಸಿಗರೇಟಿಲ್ಲ. ಮದುವೆಯ ಕಾಗದ ಹಂಚಿ ಮುಗಿದ ಮೇಲೆ ಇವಳು, ಬೇಡ ಅಂದುಬಿಟ್ಟಳು. ಯಾಕೆ ಎಂದು ಅಪ್ಪ ಕೇಳಿದರು. ಇವಳು ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಅಂದಿನಿಂದ ಅಪ್ಪ ಅವಳ ಹತ್ತಿರ ನೇರ ಮಾತಾಡುವುದನ್ನು ನಿಲ್ಲಿಸಿದರು. ಏನಿದ್ದರೂ ಅಮ್ಮನ ಮೂಲಕ.

"ಬಾಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ಲ ಅಣ್ಣಾ," ಎಂದಳು. "ಹಾಡಿನಲ್ಲಿ ಹೇಳ್ತೇನೆ. ಅಪ್ಪ ಒಂದು ಸಲ ಕೇಳಿದ್ರೆ ಸಾಕು."

ಏಳು ಹಾಡುಗಳನ್ನು ಹಾಡಿ ತೋರಿಸಿದಳು. ಐದು ಹಾಡು ಕೇಳುವಾಗ ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಮಾತಿಲ್ಲದ ಮನೆ, ಒಂದೇ ಮೇಜಿನಲ್ಲಿ ಮೂವರ ಮೌನದ ಊಟ, ಹಾಗೆ. ಆರನೆಯದು ಶುರುವಾದದ್ದೇ ಕುಣಿತ! ಏಳನೆಯದು ಇನ್ನೂ ಜೋರು. "ಎಷ್ಟು ಸಲ ಹೇಳಿದೆ, ನಿನಗೆ ಕೇಳಲಿಲ್ಲ, ಈಗ ಹಾಡಿ ಹೇಳುವೆ, ಕುಣಿ ಮಾರಾಯ ಕುಣಿ" ಎಂದು ಅದರ ಪಲ್ಲವಿ.

ನನಗೆ ಸಿಟ್ಟೇ ಬಂತು. ಆಲ್ಬಮ್ ಎಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿರಬೇಕು ಎಂಬುದು ನನ್ನ ಹಟ. ಒಂದು ಭಾಷಣವನ್ನೇ ಮಾಡಿದೆ. ಸ್ವಂತ ನೋವಿನ ಆಲ್ಬಮಿನಲ್ಲಿ ಡ್ಯಾನ್ಸ್ ಹಾಡು ತುರುಕಿದರೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ, ಕೇಳುವವನಿಗೆ ಇದು ಒಬ್ಬಳ ಕತೆಯೋ ಇಬ್ಬರ ಕತೆಯೋ ಗೊತ್ತಾಗುವುದಿಲ್ಲ ಎಂದೆ. ಅವಳು ತಾಳ್ಮೆಯಿಂದ ಕೇಳಿದಳು. ಹಲ್ಲು ನೋವಿನವರನ್ನು ನಿಭಾಯಿಸಿ ಅಭ್ಯಾಸ.

"ಅತ್ತದ್ದು ನಾನೇ. ಮದುವೆ ತಪ್ಪಿತೂಂತ ರೂಮಿನ ಬಾಗಿಲು ಹಾಕಿ ಕುಣಿದದ್ದೂ ನಾನೇ. ನಾನು ಒಬ್ಬಳೇ ಅಲ್ವಾ ಅಣ್ಣಾ?"

ನಾನು ಭಾಷಣ ಅಲ್ಲಿಗೇ ನಿಲ್ಲಿಸಿ ಕೆಳಗಿನಿಂದ ಎರಡು ಪಫ್ಸ್ ತರಿಸಿದೆ.

ಕೈಗೆ ಏನು ಗೊತ್ತು

ತಾಳಕ್ಕೆ ನಮ್ಮ ರಿದಂ ಪ್ಯಾಡಿನವನನ್ನು ಕರೆದೆ. ಗಾನಮೇಳ, ಭಜನೆ, ಮೆಹಂದಿ, ಎಲ್ಲಿ ಕರೆದರೂ ಬಾರಿಸುವ ಆಸಾಮಿ. ಅವನದ್ದೊಂದು ಪದ್ಧತಿ ಇದೆ. ಲ್ಯಾಪ್‌ಟಾಪಿನಲ್ಲಿ ಯಾವ ಹಾಡಿಗೂ ಹೆಸರಿಲ್ಲ, ವೇಗ ಮಾತ್ರ. "ಸ್ಲೋ", "ನಡು", "ಫಾಸ್ಟ್", "ಕುರ್ಚಿ ಎತ್ತಿಡಿ" ಎಂದು ನಾಲ್ಕು ಫೋಲ್ಡರ್. ಕೊನೆಯದರಲ್ಲಿರುವ ಹಾಡು ಹಾಕಿದರೆ ಅಂಗಳದ ಕುರ್ಚಿಗಳನ್ನು ಬದಿಗೆ ಸರಿಸಲೇಬೇಕಂತೆ. ಸಾಹಿತ್ಯ ಏನೆಂದು ಕೇಳಿದರೆ, "ನಾನು ಬಾರಿಸುವವ, ಓದುವವ ಅಲ್ಲ" ಎನ್ನುತ್ತಾನೆ.

ಮೂರನೆಯ ಹಾಡು ನಡೆಯುತ್ತಿತ್ತು. ಅಪ್ಪ ಚಪ್ಪಲಿ ಹಾಕಿಕೊಂಡು ಮಾತಿಲ್ಲದೆ ಹೊರಗೆ ಹೋಗುವ ಸಾಲು. ಹುಡುಗಿ ಅಳುತ್ತಲೇ ಹಾಡುತ್ತಿದ್ದಳು. ಆ ಚಪ್ಪಲಿ ಹೊಸಿಲು ದಾಟಿತೋ ಇಲ್ಲವೋ, ಇವನು ಬಾರಿಸಿದ, ಮದುಮಗ ಸ್ಟೇಜಿಗೆ ಬರುವಾಗ ಹೊಡೆಯುವ ಆ ರೋಲ್!

"ಎಂತ ಮಾರಾಯ ಇದು?" ಎಂದು ಗಾಜಿನ ಈಚೆಯಿಂದ ಕೂಗಿದೆ.

ಅವನು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ.

"ನನಗೆ ಗೊತ್ತುಂಟು ಅವಳು ಅಳ್ತಾ ಇದ್ದಾಳೇಂತ," ಎಂದ. "ಕೈಗೆ ಗೊತ್ತಾಗ್ಬೇಕಲ್ಲ!"

ಆದರೂ ಆರು, ಏಳನೆಯ ಹಾಡು ಬೇಡವೆಂಬುದರಲ್ಲಿ ಅವನು ನನ್ನ ಪಕ್ಷವೇ. ಅವನ ಕಾರಣ ಬೇರೆ. ಅಷ್ಟು ಒಳ್ಳೆಯ ಎರಡು ಹಾಡನ್ನು ಐದು ಅಳುವಿನ ಹಿಂದೆ ಕೂರಿಸುವುದು ಅನ್ಯಾಯವಂತೆ. ಕೇಳುವಷ್ಟರಲ್ಲಿ ಜನ ಎದ್ದು ಹೋಗಿರುತ್ತಾರೆ, ಕುಣಿಯಲು ಉಳಿಯುವುದು ಕುರ್ಚಿಗಳು ಮಾತ್ರ ಎಂದ. ಎರಡನ್ನೂ ಕಾಪಿ ಮಾಡಿ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡ.

ಅರ್ಧದಲ್ಲಿ ಎಬ್ಬಿಸಬೇಡಿ

ಹಾಡೆಲ್ಲ ಮುಗಿದ ಮೇಲೆ ಹುಡುಗಿ ತನ್ನ ಅಮ್ಮನನ್ನು ಕರೆದುಕೊಂಡು ಬಂದಳು. ಪಾಪ, ಒಂದು ವರ್ಷದಿಂದ ಮನೆಯೊಳಗಿನ ಟಪ್ಪಾಲು ಸಾಗಿಸಿ ಬಳಲಿದ ಹೆಂಗಸು. ಅಪ್ಪ, ಮಗಳು ಎದುರೆದುರು ಕುಳಿತಿದ್ದರೂ, "ಅವಳಿಗೆ ಹೇಳು, ಫ್ಯಾನ್ ಬಂದ್ ಮಾಡ್ಲಿ" ಎಂದು ಅವರು, "ಅಪ್ಪನಿಗೆ ಹೇಳಿ, ಬಂದ್ ಮಾಡಿ ಆಯ್ತು" ಎಂದು ಇವಳು. ಅಮ್ಮ ನಡುವೆ ನಿಂತು ಎರಡನ್ನೂ ಒಪ್ಪಿಸಬೇಕು. ಒಂದು ಸಲ ಅಮ್ಮನಿಗೆ ಶೀತವಾಗಿ ಸ್ವರ ಹೋದಾಗ ಮನೆಯಲ್ಲಿ ಇಡೀ ದಿನ ಫ್ಯಾನ್ ತಿರುಗಿತಂತೆ.

ಹೆಡ್‌ಫೋನ್ ಹಾಕಿ ಕೂರಿಸಿದೆ. ಮೊದಲ ಹಾಡಿಗೇ ಸೆರಗು ಕಣ್ಣಿಗೆ ಹೋಯಿತು. ಐದನೆಯದಕ್ಕೆ ಬರುವಾಗ ನಾನು ಟಿಶ್ಯೂ ಡಬ್ಬವನ್ನು ಹತ್ತಿರ ಸರಿಸಿದೆ. ಆಮೇಲೆ ಆರನೆಯದು ಶುರುವಾಯಿತು. ಆಕೆಯ ಕಣ್ಣು ಇನ್ನೂ ಸುರಿಯುತ್ತಿದೆ, ಮೇಜಿನ ಅಡಿಯಲ್ಲಿ ಕಾಲು ತಾಳ ಹಾಕುತ್ತಿದೆ. ಅದು ಗೊತ್ತಾದದ್ದೇ ಹೆಡ್‌ಫೋನ್ ಕಿತ್ತಿಟ್ಟರು.

"ಎಂತ ಮಾಡ್ತೀರಿ ನೀವು? ಒಂದು ವರ್ಷದಿಂದ ಸರಿಯಾಗಿ ಅಳ್ಲಿಕ್ಕೆ ನನಗೆ ಪುರ್ಸೊತ್ತು ಸಿಗ್ಲಿಲ್ಲ. ಇವತ್ತು ಸಿಕ್ಕಿತು ಅಂದ್ರೆ ಅರ್ಧದಲ್ಲಿ ಎಬ್ಬಿಸಿದ್ರಿ!"

ನಾನು ಗೆದ್ದವನ ಹಾಗೆ ಹುಡುಗಿಯ ಮುಖ ನೋಡಿದೆ. ಅವಳು ನೆಲ ನೋಡಿದಳು.

ಅಮ್ಮ ಪೆನ್‌ಡ್ರೈವನ್ನು ಬ್ಯಾಗಿಗೆ ಹಾಕಿ ಮನೆಗೆ ಒಯ್ದು ಗಂಡನ ಮುಂದೆ ಇಟ್ಟರು. "ಪುರ್ಸೊತ್ತಿಲ್ಲ ಅಂತ ಅವಳಿಗೆ ಹೇಳು" ಎಂದು ಉತ್ತರ ಬಂತು. ಹುಡುಗಿ ಎರಡು ಮಾರು ದೂರದಲ್ಲೇ ನಿಂತಿದ್ದಳು.

ಬೋವಿಕ್ಕಾನದವರು ಎಲ್ಲಿ?

ಇನ್ನು ಊರಿನ ಜನವೇ ತೀರ್ಮಾನಿಸಲಿ ಎಂದು ನಾನೊಂದು ಉಪಾಯ ಹೂಡಿದೆ. ದೇಲಂಪಾಡಿಗೆ ಹೋಗುವ ಬಸ್ಸಿನ ಡ್ರೈವರ್ ನನ್ನ ಶಾಲೆಯ ದೋಸ್ತಿ. ನಮ್ಮ ಕಡೆ ಬಸ್ಸಿನಲ್ಲಿ ಹಾಡಿಲ್ಲದಿದ್ದರೆ ಜನ ಹಿಂದೆ ಬರುವ ಬಸ್ಸಿಗೆ ಕಾಯುತ್ತಾರೆ. ಏಳು ಹಾಡನ್ನೂ ಅವನಿಗೆ ಕೊಟ್ಟು, ಒಂದು ಟ್ರಿಪ್ಪಿನಲ್ಲಿ ಹಾಕಿ ಜನ ಏನು ಹೇಳುತ್ತಾರೆ ನೋಡು ಎಂದೆ.

ಮಧ್ಯಾಹ್ನ ಕಂಡಕ್ಟರನ ಫೋನು ಬಂತು. ಸ್ವರ ಬಿಸಿಯಾಗಿತ್ತು.

"ಹಾಡು ಒಳ್ಳೇದುಂಟು, ಇಲ್ಲಾಂತ ಹೇಳುದಿಲ್ಲ. ಚೆರ್ಕಳ ದಾಟುವಾಗ ಅರ್ಧ ಬಸ್ಸು ಮಲಗಿತು. ಬೋವಿಕ್ಕಾನ ಬೋವಿಕ್ಕಾನಾಂತ ಕಿರುಚಿದೆ. ಒಬ್ರೂ ಅಲ್ಲಾಡ್ಲಿಲ್ಲ. ಬಸ್ಸು ಹೊರಟು ಅಷ್ಟು ದೂರ ಹೋದ್ಮೇಲೆ ನಿಮ್ಮ ಡ್ಯಾನ್ಸ್ ಹಾಡು ಬಂತು ನೋಡಿ, ಬೋವಿಕ್ಕಾನದವರೆಲ್ಲ ಒಟ್ಟಿಗೆ ಎದ್ದು ನಿಂತ್ರು! ನನಗೆ ಬೈದದ್ದು ಮಲಯಾಳದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ."

"ಹಾಗಾದ್ರೆ ಫಾಸ್ಟ್ ಹಾಡು ತೆಗೀಬೇಕು ಅಂತೀರಾ?" ಎಂದು ಆಸೆಯಿಂದ ಕೇಳಿದೆ.

"ತೆಗೀಲಿಕ್ಕೆ ಯಾರು ಹೇಳಿದ್ದು? ಸ್ಟಾಪು ಬರುವ ಮೊದಲು ಒಂದೊಂದು ಹಾಕಿ. ಚೆರ್ಕಳಕ್ಕೊಂದು, ಬೋವಿಕ್ಕಾನಕ್ಕೊಂದು, ಮುಳ್ಳೇರಿಯಕ್ಕೊಂದು."

ಹುಡುಗಿಗೆ ಹೇಳಿದರೆ ನಗುತ್ತಾಳೆಂದುಕೊಂಡಿದ್ದೆ. ಅವಳು ನಗಲಿಲ್ಲ.

"ಎರಡನ್ನೂ ತೆಗೆದುಬಿಡಿ ಅಣ್ಣಾ," ಎಂದಳು. "ಯಾಕೆ ಬೇಡ ಅಂದೆ ಅಂತ ಆ ಏಳನೇದ್ರಲ್ಲಿ ಮಾತ್ರ ಇದ್ದದ್ದು. ಅಪ್ಪ ಹೇಗೂ ಕೇಳುದಿಲ್ಲ. ಇದ್ದರೆಂತ, ಇಲ್ಲದಿದ್ದರೆಂತ."

ಹಟ ಸಾಧಿಸಿದವನಿಗೆ ಖುಷಿಯಾಗಬೇಕಿತ್ತು. ನನಗೆ ಆ ದಿನ ಊಟವೇ ಸೇರಲಿಲ್ಲ. ಸೋಮವಾರ ತೆಗೆಯುತ್ತೇನೆ ಎಂದು ಹೇಳಿ ಕಳಿಸಿದೆ.

ಇನ್ನೊಮ್ಮೆ! ಇನ್ನೊಮ್ಮೆ!

ಆ ಶನಿವಾರ ಕುಂಬ್ಡಾಜೆಯಲ್ಲಿ ಗುಡ್ಡೆಯ ಮೇಲಿನ ಒಂದು ಮನೆಯಲ್ಲಿ ಮೆಹಂದಿ. ಮದುಮಗ ಯಾರು? ನಮ್ಮ ಹುಡುಗಿ ಬೇಡವೆಂದಿದ್ದ ಅದೇ ದುಬೈಯವನು. ಅವನಿಗೆ ಬೇರೆ ಕಡೆ ಸಂಬಂಧ ಕೂಡಿಬಂದಿತ್ತು. ತಮ್ಮ ಕಡೆಯಿಂದ ಆ ಮನೆಯವರಿಗೆ ಅವಮಾನವಾಯಿತೆಂಬ ಸಂಕಟ ಹುಡುಗಿಯ ಅಪ್ಪನಿಗೆ, ನಮ್ಮ ಸೌಂಡ್ಸ್ ಯಜಮಾನರಿಗೆ ಇತ್ತಲ್ಲ, ಅವರು ತಾವಾಗಿಯೇ ಹೋಗಿ, "ಸೌಂಡ್ಸ್ ನಮ್ಮದೇ, ಬೇರೆಯವರಿಗೆ ಹೇಳಬಾರದು" ಎಂದು ಕೇಳಿಕೊಂಡು ಬಂದಿದ್ದರು. ಅಂಗಡಿಯಲ್ಲಿದ್ದ ದೊಡ್ಡ ಸ್ಪೀಕರ್ ಬಾಕ್ಸುಗಳನ್ನೆಲ್ಲ ಗುಡ್ಡೆ ಹತ್ತಿಸಿದ್ದರು. ಮಿಕ್ಸರಿನಲ್ಲಿ ನಾನು, ಹಾಡು ಹಾಕಲು ನಮ್ಮ ರಿದಂ ಪ್ಯಾಡಿನವನು.

ಸಂಜೆ ನೆಂಟರು ಬಂದರು. ಮದುಮಗನ ಕೈಗೆ ಮದರಂಗಿ ಇಟ್ಟಾಯಿತು. ಸ್ಲೋ ಹೋಯಿತು, ನಡು ಹೋಯಿತು, ಫಾಸ್ಟ್ ಹೋಯಿತು. ಆದರೂ ಜನ ಕುರ್ಚಿ ಬಿಟ್ಟು ಏಳುತ್ತಿಲ್ಲ. ಯಜಮಾನರಿಗೆ ಚಡಪಡಿಕೆ. ಈ ಮನೆಯಲ್ಲಿ ಕಾರ್ಯಕ್ರಮ ಸಪ್ಪೆಯಾಗುವುದೆಂದರೆ ಅವರಿಗೆ ಎರಡನೇ ಅವಮಾನ.

"ಎಂತಾದ್ರೂ ಜೋರಿನದ್ದು ಹಾಕು ಮಾರಾಯ!" ಎಂದರು.

ಪ್ಯಾಡಿನವನು "ಕುರ್ಚಿ ಎತ್ತಿಡಿ" ಫೋಲ್ಡರ್ ತೆರೆದು ಎಲ್ಲಕ್ಕಿಂತ ಹೊಸದನ್ನು ಒತ್ತಿದ. ಹೆಸರಿಲ್ಲವಲ್ಲ, ವೇಗ ಮಾತ್ರ! ಮೊದಲ ಪೆಟ್ಟಿಗೇ ನನಗೆ ಗೊತ್ತಾಯಿತು. ಅದನ್ನು ಬಾರಿಸಿದವನು ಅವನು, ರೆಕಾರ್ಡ್ ಮಾಡಿದವನು ನಾನು. ನಮ್ಮ ಹುಡುಗಿಯ ಏಳನೆಯ ಹಾಡು.

ನಾನು ಸ್ವರ ಇಳಿಸಲು ಕೈ ಹಾಕುವಷ್ಟರಲ್ಲಿ ಕುರ್ಚಿಗಳು ಬದಿಗೆ ಸರಿದಾಗಿತ್ತು. ಚಿಕ್ಕಮ್ಮಂದಿರು, ಭಾವಂದಿರು, ಮಂಗಳೂರಿನಿಂದ ಬಂದವರು, ಮೊಗ್ರಾಲಿನಿಂದ ಬಂದ ದೋಸ್ತಿಗಳು, ಎಲ್ಲರೂ ಅಂಗಳದಲ್ಲಿ. ನಟ್ಟನಡುವೆ ಮದುಮಗ, ಮದರಂಗಿ ಹಸಿಯಾಗಿದ್ದ ಎರಡೂ ಕೈಯನ್ನು ಮೇಲೆತ್ತಿ ಕುಣಿಯುತ್ತಿದ್ದಾನೆ.

"ಎಷ್ಟು ಸಲ ಹೇಳಿದೆ, ನಿನಗೆ ಕೇಳಲಿಲ್ಲ..."

ಅಷ್ಟರಲ್ಲಿ ನನ್ನ ಕೈಯ ಮೇಲೆ ಇನ್ನೊಂದು ಕೈ ಬಿತ್ತು. ಯಜಮಾನರದ್ದು. ಮಗಳ ಸ್ವರ ಗುರುತಾಗಿತ್ತು. ಪವರ್ ವಯರ್ ಎಳೆದೇ ಬಿಡುತ್ತಾರೆ, ನನ್ನ ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ತೆಗೀಬೇಡ," ಎಂದರು.

ಇಡೀ ಅಂಗಳ ಹಾರುತ್ತಿತ್ತು. ಆ ಮನುಷ್ಯ ಒಬ್ಬರೇ ಬಾಕ್ಸಿಗೆ ಕಿವಿ ಕೊಟ್ಟು ಅಲ್ಲಾಡದೆ ನಿಂತರು. ಸಾವಿರ ಮದುವೆಗೆ ಹಾಡು ಹಾಕಿದವರು ಹಾಡಿನ ಮಾತು ಕೇಳಿದ್ದು ಬಹುಶಃ ಅದೇ ಮೊದಲು. ಓದು ಮುಂದುವರಿಸಬೇಕೆಂದು ಅವಳು ಹೇಳಿದ್ದು, ಅವನು ಕಿಟಕಿ ಪರದೆಯ ಬಣ್ಣದ ಮಾತು ತೆಗೆದದ್ದು. ದುಬೈಗೆ ಬರಲು ಹೆದರಿಕೆ ಎಂದು ಅತ್ತದ್ದು, ಅವನು ಟಿಕೆಟ್ ಆಗಿದೆ ಎಂದು ನಕ್ಕದ್ದು. ಎಲ್ಲವೂ ಆ ಕುಣಿತದ ಹಾಡಿನಲ್ಲಿತ್ತು, ಅಕ್ಷರ ಅಕ್ಷರ ಸ್ಪಷ್ಟವಾಗಿ, ಅಂಗಡಿಯ ಅತಿ ದೊಡ್ಡ ಬಾಕ್ಸಿನಲ್ಲಿ.

ಹಾಡು ಮುಗಿಯಿತು. ಯಜಮಾನರು ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು.

ಮದುಮಗ ಬೆವರು ಸುರಿಸುತ್ತ ನಮ್ಮ ಕಡೆ ಓಡಿ ಬಂದ. ಈಗ ಗಲಾಟೆ ಗ್ಯಾರಂಟಿ ಎಂದು ನಾನು ಮಿಕ್ಸರಿನ ಹಿಂದೆ ತಗ್ಗಿದೆ.

"ಸೂಪರ್ ಹಾಡು ಮಾರಾಯ್ರೇ! ಯಾರು ಹಾಡಿದ್ದು? ಇನ್ನೊಮ್ಮೆ ಹಾಕಿ, ಇನ್ನೊಮ್ಮೆ!"

ಪ್ಯಾಡಿನವನು ಹಾಕಿಯೇ ಬಿಟ್ಟ. ಅಂಗಳ ಮತ್ತೆ ಹಾರತೊಡಗಿತು. ಯಜಮಾನರು ಬಾಕ್ಸಿನ ಮರೆಗೆ ಹೋಗಿ ಫೋನ್ ತೆಗೆದು ಒತ್ತಿದರು. ಹೆಂಡತಿಗಲ್ಲ, ನೇರ ಮಗಳಿಗೆ. ಗದ್ದಲದಲ್ಲಿ ಕೇಳಿಸಲಿ ಎಂದು ಕೂಗಿಯೇ ಮಾತಾಡಿದ್ದರಿಂದ ನನಗೂ ಎಲ್ಲ ಕೇಳಿಸಿತು.

"ಮಗಾ, ನಾನು, ಅಪ್ಪ. ನೀನು ಹೇಳಿದ್ದು ನನಗೆ ಕೇಳಿತು." ಅಂಗಳದ ಕಡೆ ನೋಡಿದರು. "ಅವನಿಗೆ ಈಗ್ಲೂ ಕೇಳ್ಲಿಲ್ಲ ಮಗಾ, ಎರಡನೇ ಸಲ ಕುಣೀತಾ ಇದ್ದಾನೆ!"